ಕಿರುಬೆರಳು ಗಿಡ್ಡವಾದರೆ ಗಿಟಾರ್ ಬಿಡಬೇಕೆ?

ಪ್ರಶ್ನೆ: ನನ್ನ ಎಡಗೈಯ ಕಿರುಬೆರಳು ಹುಟ್ಟಿನಿಂದಲೇ ಗಿಡ್ಡ, ಉಂಗುರಬೆರಳಿನ ಕಡೆಗೆ ಬಾಗಿಯೂ ಇದೆ. ಅದೇ ಕೈಯ ಹೆಬ್ಬೆರಳನ್ನು ಮಡಿಸಿದರೆ ತೋರುಬೆರಳಿನ ತುದಿಯೂ ತಾನಾಗಿ ಮಡಿಯುತ್ತದೆ. ಎಂಟು ತಿಂಗಳಿಂದ ಗಿಟಾರ್ ಕಲಿಯುತ್ತಿದ್ದೇನೆ. ಈ ಕೈ ಗಿಟಾರಿಗೆ ಆಗಿಬರುವುದಿಲ್ಲ ಎಂದು ಗುರುಗಳು ಹೇಳುತ್ತಾರೆ. ಬಿಟ್ಟುಬಿಡಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಿಡಬೇಡಿ. ನೀವು ಬರೆದಿರುವುದು ಎರಡು ಬೇರೆ ಬೇರೆ ತೊಡಕುಗಳು. ಎರಡಕ್ಕೂ ಒಂದೇ ಮದ್ದಿಲ್ಲ.

ಎರಡನೆಯದು ಸುಲಭವಾದದ್ದು. ಹೆಬ್ಬೆರಳನ್ನೂ ತೋರುಬೆರಳನ್ನೂ ಮಡಿಸುವ ಸ್ನಾಯುರಜ್ಜುಗಳ ನಡುವೆ ಹೆಚ್ಚುವರಿ ಕೊಂಡಿಯೊಂದು ಇರುವವರಲ್ಲಿ ಹೀಗಾಗುತ್ತದೆ. 1979ರಲ್ಲಿ ಇದನ್ನು ವಿವರಿಸಿದ ಲಿನ್‌ಬರ್ಗ್ ಮತ್ತು ಕಾಮ್‌ಸ್ಟಾಕ್ ಅವರ ಹೆಸರಿನಿಂದಲೇ ವೈದ್ಯರು ಇದನ್ನು ಗುರುತಿಸುತ್ತಾರೆ. ಗಿಟಾರಿನ ಕತ್ತಿನ ಹಿಂದೆ ಹೆಬ್ಬೆರಳನ್ನು ಕೊಕ್ಕೆಯಂತೆ ಮಡಿಸಿ ಅಮುಕಿದಾಗ ತೋರುಬೆರಳೂ ಎಳೆದುಕೊಳ್ಳುವುದರಿಂದ, ಆ ಬೆರಳನ್ನು ನೆಟ್ಟಗೆ ಚಾಚಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕಾದ ಬಾರ್ ಕಾರ್ಡ್ ಎಂಬ ಸ್ವರಗುಚ್ಛಗಳಲ್ಲಿ ನಿಮಗೆ ತೊಂದರೆಯಾಗುತ್ತಿರಬೇಕು. ಹೆಬ್ಬೆರಳಿನ ತುದಿಗೆಣ್ಣನ್ನು ಮಡಿಸದೆ, ಅದರ ಮೆತ್ತನೆಯ ಭಾಗವನ್ನು ನಡುಬೆರಳಿನ ಎದುರಿಗೆ ಸುಮ್ಮನೆ ಆನಿಸಿ ನೋಡಿ.

ಕಿರುಬೆರಳಿನ ವಿಷಯದಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ತಂತಿಯ ಉದ್ದ 650 ಮಿ.ಮೀ. ಇರುವ ಕ್ಲಾಸಿಕಲ್ ಗಿಟಾರಿನಲ್ಲಿ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಆನಿಕೊಳ್ಳುವ ಪಟ್ಟಿ) ನಾಲ್ಕನೆಯ ಫ್ರೆಟ್‌ವರೆಗೆ (ಕತ್ತಿಗೆ ಅಡ್ಡಲಾಗಿರುವ ಲೋಹದ ಪಟ್ಟಿ) ಸುಮಾರು 134 ಮಿ.ಮೀ. ದೂರವಿದ್ದರೆ, ನಾಲ್ಕರಿಂದ ಎಂಟನೆಯದರವರೆಗೆ 106 ಮಿ.ಮೀ. ಮಾತ್ರ. ಗಿಡ್ಡ ಬೆರಳಿನವರಿಗೆ ಮೊದಲ ಪಾಠವನ್ನೇ ನಟ್‌ನ ಪಕ್ಕದಲ್ಲಿ, ಫ್ರೆಟ್‌ಗಳ ನಡುವಣ ಅಂತರ ಅತಿ ಹೆಚ್ಚಿರುವ ಜಾಗದಲ್ಲಿ ಹೇಳಿಕೊಡುವ ಪದ್ಧತಿ ನನಗೆ ಎಂದೂ ಸರಿಯೆನಿಸಿಲ್ಲ. ಕೆಲವು ತಿಂಗಳು ಐದನೆಯ ಫ್ರೆಟ್‌ನಿಂದ ಮೇಲೆ ಅಭ್ಯಾಸ ಮಾಡಿ, ಅಥವಾ ಎರಡನೆಯ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಅದುಮಿ ಹಿಡಿಯುವ ಕ್ಲಿಪ್ಪು) ಹಾಕಿಕೊಳ್ಳಿ. ಆಗ ತಂತಿಯ ಉದ್ದ 579 ಮಿ.ಮೀ.ಗೆ ಇಳಿಯುತ್ತದೆ. ಹೊಸ ವಾದ್ಯ ಕೊಳ್ಳುವುದಾದರೆ 630 ಮಿ.ಮೀ.ಗಿಂತ ಕಡಿಮೆ ಉದ್ದದ್ದನ್ನು ಅಂಗಡಿಯಲ್ಲೇ ಕುಳಿತು ನುಡಿಸಿ ನೋಡಿ. ಕತ್ತಿನ ತುದಿ ಭುಜದ ಮಟ್ಟಕ್ಕೆ ಏರುವಂತೆ ಎಡಗಾಲ ಕೆಳಗೆ ಪುಟ್ಟ ಮಣೆಯಿಟ್ಟರೆ ಮಣಿಕಟ್ಟು ನೆಟ್ಟಗಾಗಿ, ಕಿರುಬೆರಳು ಇನ್ನೂ ಸ್ವಲ್ಪ ದೂರ ತಲುಪುತ್ತದೆ.

ಇಷ್ಟಾದರೂ ಅದು ಎಟುಕದ ಕಡೆ ಆ ಬೆರಳನ್ನು ಬಳಸದಿದ್ದರೂ ನಡೆದೀತು. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಉಂಗುರಬೆರಳು, ಕಿರುಬೆರಳುಗಳು ಸುಟ್ಟು ಸೆಟೆದುಕೊಂಡ ಮೇಲೆ ಜಾಜ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ತಮ್ಮ ಒಂಟಿ ವಾದನವನ್ನೆಲ್ಲ ಬಹುಮಟ್ಟಿಗೆ ಉಳಿದೆರಡು ಬೆರಳುಗಳಿಂದಲೇ ನುಡಿಸಿದರು. ಕೆಟ್ಟ ಬೆರಳುಗಳನ್ನು ಕೆಲವು ಕಾರ್ಡ್‌ಗಳಿಗಷ್ಟೇ ಬಳಸಿದರು. ನೀವಿರುವುದು ಸಿತಾರಿನ ಊರಿನಲ್ಲಿ. ಆ ವಾದ್ಯದ ಮೇಲೆ ಎಡಗೈಯ ತೋರುಬೆರಳು, ನಡುಬೆರಳು ಇವೆರಡೇ ಮುಖ್ಯವಾಗಿ ಓಡಾಡುತ್ತವೆ. ಅದನ್ನು ಊನವೆಂದು ಅಲ್ಲಿ ಯಾರೂ ಕರೆಯುವುದಿಲ್ಲ.

ಒಂದು ಎಚ್ಚರಿಕೆ: ಬಾಗಿದ ಬೆರಳನ್ನು ಎಳೆದು ನೇರಮಾಡುವ ಸಾಹಸ ಬೇಡ. ನುಡಿಸುವಾಗ ಮುಂಗೈಯಲ್ಲಿ ನೋವು ಬಂದರೆ ಅಥವಾ ಬೆರಳು ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಮರುಕಳಿಸಿದರೆ ಕೈಯ ಶಸ್ತ್ರಚಿಕಿತ್ಸಾ ತಜ್ಞರಿಗೆ ತೋರಿಸಿ. ಹೋಗುವಾಗ ಗಿಟಾರನ್ನೂ ಒಯ್ದು, ನುಡಿಸಿ ತೋರಿಸಿ.