ಪ್ರತಿಕ್ರಿಯೆ: ಒಂಟಿ ನಿರಾಶ್ರಿತ ಮಗುವನ್ನು ಶಿರಸಿಗೆ ತರಬಹುದೇ?

ಬ್ರಿಟನ್ ಒಂಟಿ ನಿರಾಶ್ರಿತ ಮಕ್ಕಳನ್ನು ಕರೆಸಿಕೊಂಡಿತು, ಮುಂಡಗೋಡದಲ್ಲಿ ಟಿಬೆಟಿಯನ್ನರಿಗೆ ನೆಲೆ ಕೊಟ್ಟ ನಮ್ಮಲ್ಲಿ ಅಂಥ ಕಾನೂನಿಲ್ಲವೇ, ಶಿರಸಿಯ ನಮ್ಮ ಮನೆಗೇ ಒಂದು ಮಗುವನ್ನು ತರಬಹುದೇ ಎಂದು ಕೇಳಿದ್ದೀರಿ.

ಬ್ರಿಟನ್ನನ್ನು ಅಷ್ಟೊಂದು ಹೊಗಳಬೇಕಾಗಿಲ್ಲ. 2016ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆ ಸದಸ್ಯ ಲಾರ್ಡ್ ಡಬ್ಸ್ (ಇವರೂ ಬಾಲಕನಾಗಿದ್ದಾಗ ನಾಜಿಗಳಿಂದ ಪಾರಾಗಿ ಅಲ್ಲಿಗೆ ಬಂದವರು) ಯುರೋಪಿನಿಂದ 3,000 ಮಕ್ಕಳನ್ನು ಕರೆತರಲು ಪಟ್ಟು ಹಿಡಿದರು. ಸ್ಥಳೀಯ ಸಂಸ್ಥೆಗಳಲ್ಲಿ ಜಾಗವಿಲ್ಲವೆಂದು ಸರ್ಕಾರ ಕೊನೆಗೆ 480ಕ್ಕೆ ಗೆರೆ ಎಳೆಯಿತು.

ಮುಂಡಗೋಡದ ನೆಲೆ 1966ರದ್ದು. ಅದು ಸರ್ಕಾರದ ತೀರ್ಮಾನವೇ ಹೊರತು ಯಾವ ನಿರಾಶ್ರಿತರ ಕಾಯ್ದೆಯ ಫಲವೂ ಅಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇಂದಿಗೂ ಸಹಿ ಹಾಕಿಲ್ಲ.

ಆದರೆ ಕೈ ಕಟ್ಟಿ ಕೂರಬೇಕಿಲ್ಲ. ನಾಳೆ ಕಾರವಾರ ರೈಲು ನಿಲ್ದಾಣದ ಬೆಂಚಿನ ಮೇಲೆ ಭಾಷೆ ತಿಳಿಯದ ಒಂಟಿ ಮಗುವೊಂದು ಕಂಡಿತೆನ್ನಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2015ರ ಬಾಲನ್ಯಾಯ ಕಾಯ್ದೆಯಂತೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹದಿನೆಂಟು ತುಂಬದವರೆಲ್ಲ ಆ ಕಾಯ್ದೆಯಲ್ಲಿ ಮಕ್ಕಳೇ. ಆ ವ್ಯಾಖ್ಯೆಯಲ್ಲಿ ಪೌರತ್ವದ ಮಾತಿಲ್ಲ.

ನೇರವಾಗಿ ಮನೆಗೆ ಕರೆದೊಯ್ಯುವ ಆಸೆ ಮಾತ್ರ ಬಿಡಿ. ಮೊದಲು ಹೆತ್ತವರ ಹುಡುಕಾಟ ನಡೆಯಬೇಕು. ಯುದ್ಧದಲ್ಲಿ ಕಳೆದುಹೋದ ಮಗುವೆಲ್ಲ ಅನಾಥವಲ್ಲ.