ಉಡುಪಿಯ ಬಾವಿಗಳು ಕ್ಯೂಜಿಐಎಸ್‌ನಲ್ಲಿ ಸಮುದ್ರಕ್ಕೆ ಬಿದ್ದಿವೆ, ಏನು ಮಾಡಲಿ?

ಉಡುಪಿ ಸುತ್ತಲಿನ ಬಾವಿಗಳ ಜಿಪಿಎಸ್ ಅಂಕಿಗಳನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಮಾಡಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿದೆ, ಚುಕ್ಕಿಗಳೆಲ್ಲ ಸಮುದ್ರದಲ್ಲಿವೆ ಅಂತ ಕೇಳಿದ್ದೀರಿ. ಯಾವ ಸಮುದ್ರ ಅಂತ ಹೇಳಲೇ ಇಲ್ಲವಲ್ಲ ಮಾರಾಯ್ರೆ! ಉತ್ತರ ಇರುವುದು ಅದರಲ್ಲೇ. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಹಾಕಿಕೊಂಡು, ನಿಮ್ಮ ಬಾವಿಗಳ ಲೇಯರ್ (ಪದರ) ಮೇಲೆ ರೈಟ್ ಕ್ಲಿಕ್ ಮಾಡಿ ‘ಝೂಮ್ ಟು ಲೇಯರ್’ ಕೊಟ್ಟು ನೋಡಿ.

ನಾರ್ವೆಗಿಂತಲೂ ಮೇಲೆ, ಹಿಮದ ಕಡೆ ಹೋಗಿದ್ದರೆ ಎಕ್ಸ್, ವೈ ಅದಲುಬದಲಾಗಿದೆ. ಎಕ್ಸ್ ಅಂದರೆ ರೇಖಾಂಶ, ನಮಗೆ 74 ಚಿಲ್ಲರೆ. ವೈ ಅಕ್ಷಾಂಶ, 13 ಚಿಲ್ಲರೆ. ‘ಲ್ಯಾಟ್-ಲಾಂಗ್’ ಅಂತ ಹೇಳಿ ಹೇಳಿ ಮೊದಲ ಕಾಲಂ ಅನ್ನೇ ಎಕ್ಸ್ ಮಾಡಿಬಿಡುತ್ತೇವೆ.

ಮಾಲ್ಡೀವ್ಸ್‌ನಿಂದ ಪಶ್ಚಿಮಕ್ಕೆ, ಸಮಭಾಜಕದ ಹತ್ತಿರ ಎಲ್ಲ ಒಂದೇ ಚುಕ್ಕಿಯಾಗಿ ಕೂತಿದ್ದರೆ ಸಿಆರ್‌ಎಸ್ ತಪ್ಪು, ಅಂದರೆ ಅಂಕಿಗಳನ್ನು ಯಾವ ಅಳತೆಯಲ್ಲಿ ಓದಬೇಕು ಅಂತ ಹೇಳುವ ವ್ಯವಸ್ಥೆ ತಪ್ಪು. ಡಿಗ್ರಿಯ ಅಂಕಿಗಳಿಗೆ ಮೀಟರ್ ಲೆಕ್ಕದ ಯುಟಿಎಂ 43 ಎನ್, ಅಂದರೆ ಇಪಿಎಸ್‌ಜಿ ಸಂಕೇತ ಸಂಖ್ಯೆ 32643 ಕೊಟ್ಟಿದ್ದೀರಿ. 74 ಡಿಗ್ರಿಯನ್ನು ಅದು 74 ಮೀಟರ್ ಅಂತ ಓದಿದೆ. ಡಿಗ್ರಿ ಲೆಕ್ಕದ 4326 ಕೊಟ್ಟರೆ ಸರಿಹೋಗುತ್ತದೆ. ಮೀಟರ್ ಲೆಕ್ಕ ಬೇಕೇ ಬೇಕಿದ್ದರೆ ಆಮೇಲೆ ಎಕ್ಸ್‌ಪೋರ್ಟ್ ಮಾಡುವಾಗ 32643 ಆರಿಸಿ. ‘ಸೆಟ್ ಲೇಯರ್ ಸಿಆರ್‌ಎಸ್’ ಬರೀ ಹಣೆಪಟ್ಟಿ ಬದಲಿಸುತ್ತದೆ, ಅಂಕಿಗಳನ್ನಲ್ಲ.

ಆದರೆ ನನ್ನ ಅನುಮಾನ ನಮ್ಮದೇ ಅರಬ್ಬಿ ಸಮುದ್ರದ ಮೇಲೆ. ನನಗೂ ಹಾಗೇ ಆಗಿತ್ತು. ಮಲ್ಪೆ ಕಡೆ ಉಪ್ಪು ನೀರಿನ ಬಾವಿಗಳನ್ನು ಗುರುತು ಹಾಕಲು ಹೋಗಿದ್ದೆವು. ಫೋನ್ ತೋರಿಸಿದ್ದು 13 ಡಿಗ್ರಿ 20 ನಿಮಿಷ 27 ಸೆಕೆಂಡ್, 74 ಡಿಗ್ರಿ 44 ನಿಮಿಷ 50 ಸೆಕೆಂಡ್. ಜೊತೆಗಿದ್ದವನು ಪುಸ್ತಕದಲ್ಲಿ ಬರೆದದ್ದು 13.2027, 74.4450. ಬಾವಿ ಸೀದಾ ಕಾಪುವಿನ ನೇರಕ್ಕೆ, ದಡದಿಂದ 30 ಕಿ.ಮೀ. ಆಚೆ! ಅರ್ಧ ದಿನ ಸುಮ್ನೆ ಸಿಆರ್‌ಎಸ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಇಷ್ಟೆ: ಇಡೀ ಪಟ್ಟಿಯಲ್ಲಿ ದಶಮಾಂಶ ಚುಕ್ಕಿಯ ನಂತರದ ಎರಡಂಕಿ ಎಲ್ಲೂ 59 ದಾಟಿಲ್ಲ. ನಿಮ್ಮ ಪಟ್ಟಿಯಲ್ಲೂ ಹಾಗೇ ಇದೆಯಾ ನೋಡಿ. ಇದ್ದರೆ ಅವು ನಿಮಿಷ, ಸೆಕೆಂಡುಗಳು. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿ. 13.3408, 74.7472 ಬಂತು, ಬಾವಿ ಊರಿಗೆ ಬಂತು.

ಸರಿಯಾದ ಮೇಲೆ ಜಿಯೋಪ್ಯಾಕೇಜ್ ಎಂಬ ನಕ್ಷೆ ಕಡತವಾಗಿ ಉಳಿಸಿ, ಹಳೆಯ ಬಗೆಯ ಶೇಪ್‌ಫೈಲ್ ಬೇಡ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯೂನಿಕೋಡ್ ಕನ್ನಡದಲ್ಲಿ ಅಕ್ಷರಕ್ಕೆ 3 ಬೈಟ್, ಕೊಂಬು ಗುಡಿಸುಗಳಿಗೆ ಮತ್ತೆ 3. ‘ಬಾವಿ’ ಅಂತ ಹೆಸರಿಟ್ಟರೆ ಗುಡಿಸು ಹಾರಿಹೋಗಿ ‘ಬಾವ’ ಬಂದು ಕೂರುತ್ತಾನೆ.