ಕೊಟ್ಟಿಗೆಯಲ್ಲಿ ಜನರೇಟರ್ ಇಡಬಹುದೇ?

ಪ್ರಶ್ನೆ: ಮಳೆ-ಗಾಳಿ ಬಂತೆಂದರೆ ನಮ್ಮೂರಲ್ಲಿ ರಾತ್ರಿಯೆಲ್ಲ ಕರೆಂಟ್ ಇರುವುದಿಲ್ಲ. ಅಮ್ಮನಿಗೆ ನೆಬ್ಯುಲೈಸರ್ ಹಾಕಬೇಕಾದ್ದರಿಂದ 2 ಕೆವಿಎ ಪೆಟ್ರೋಲ್ ಜನರೇಟರ್ ತಂದಿದ್ದೇವೆ. ನೆನೆಯದಿರಲಿ, ಕಳ್ಳರ ಕಣ್ಣಿಗೂ ಬೀಳದಿರಲಿ ಎಂದು ನಡುಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿಟ್ಟು ಕಿಟಕಿ ತೆಗೆದಿಡುತ್ತೇವೆ. ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್‌ಗೆ ಕೊಟ್ಟರೆ ಮನೆಯ ದೀಪಗಳೆಲ್ಲ ಉರಿಯುತ್ತವೆ. ಇದು ಸರಿಯೇ?
— ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಎರಡೂ ಸರಿಯಲ್ಲ. ಇವತ್ತೇ ಅದನ್ನು ಕೊಟ್ಟಿಗೆಯಿಂದ ಹೊರಗೆ ತನ್ನಿ.

ನಾನು ಮಂಡ್ಯದಲ್ಲಿ ಮೋಟಾರು, ಜನರೇಟರ್ ರಿಪೇರಿ ಮಾಡುತ್ತಾ ಇಪ್ಪತ್ತೆಂಟು ವರ್ಷವಾಯಿತು. ಅಂಗಡಿ ಇಟ್ಟ ಹೊಸತರಲ್ಲಿ ಒಂದು ಸಂಜೆ, ಇರಚಲು ಹೊಡೆಯುತ್ತದೆಂದು ಷಟರ್ ಇಳಿಸಿಕೊಂಡು ಒಳಗೇ ಒಂದು ಸಣ್ಣ ಜನರೇಟರ್ ಓಡಿಸಿ ಕಾರ್ಬುರೇಟರ್ ಸರಿಮಾಡುತ್ತಿದ್ದೆ. ಕಣ್ಣಿಗೆ ಹೊಗೆಯೇನೂ ಕಾಣಲಿಲ್ಲ. ಹಣೆಗೆ ಪಟ್ಟಿ ಬಿಗಿದಂತಾಯಿತು. ಮಧ್ಯಾಹ್ನದ ಊಟ ತಡವಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಸ್ಕ್ರೂಡ್ರೈವರ್ ಸ್ಕ್ರೂವಿನ ಮೇಲೆ ಕೂರುತ್ತಲೇ ಇಲ್ಲ, ಮೂರು ಸಲ ಜಾರಿತು. ಅಷ್ಟರಲ್ಲಿ ಪಕ್ಕದ ಟೀ ಅಂಗಡಿಯವರು ಲೋಟ ತೆಗೆದುಕೊಂಡು ಹೋಗಲು ಬಂದು ಷಟರ್ ಎತ್ತಿದರು. ಅವರೇ ನನ್ನನ್ನು ಹೊರಗೆಳೆದು ಹಾಕಿದ್ದು. ಆ ರಾತ್ರಿಯೆಲ್ಲ ವಾಂತಿ.

ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಂಡು ಉಸಿರಿನ ಜಾಗವನ್ನೇ ಹಿಡಿದುಬಿಡುತ್ತದೆ. ನಿದ್ದೆ ಹೋದವರಿಗೆ ತಲೆನೋವು ಕೂಡ ಗೊತ್ತಾಗುವುದಿಲ್ಲ. ಕಿಟಕಿ ತೆಗೆದರೂ ಫ್ಯಾನ್ ಹಾಕಿದರೂ ಸಾಲದು. ಮೊದಲೇ ಉಬ್ಬಸಪಡುವ ನಿಮ್ಮ ತಾಯಿಗೂ, ಅಲ್ಲೇ ಕಟ್ಟಿದ ದನಕರುಗಳಿಗೂ ಅಪಾಯ. ಮನೆಯಿಂದ ಕನಿಷ್ಠ 20 ಅಡಿ ಆಚೆ, ಬಯಲಲ್ಲಿಡಿ. ಸೈಲೆನ್ಸರ್ ಬಾಯಿ ನಿಮ್ಮ ಮನೆ ಕಡೆಗೂ ಬೇಡ, ಪಕ್ಕದವರ ಕಿಟಕಿ ಕಡೆಗೂ ಬೇಡ. ಮಳೆಗೆ ನಾಲ್ಕು ಗೂಟ ನೆಟ್ಟು ಮೇಲೊಂದು ತಗಡು ಹಾಕಿ, ಸುತ್ತ ಏನನ್ನೂ ಮುಚ್ಚಬೇಡಿ. ಕೆಳಗೆ ಸೈಜುಗಲ್ಲು ಕೊಡಿ. ಕಳ್ಳರ ಭಯಕ್ಕೆ ಸರಪಳಿ, ಬೀಗ ಇದೆ. ಯಾರಿಗಾದರೂ ತಲೆಸುತ್ತು, ವಾಕರಿಕೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಇನ್ನು ಆ ವೈರು. ಅದನ್ನು ಕತ್ತರಿಸಿ ಬಿಸಾಡಿ. ಒಂದು ಕಡೆ ಚುಚ್ಚಿದ್ದರೆ ಇನ್ನೊಂದು ಕಡೆಯ ಪಿನ್ನುಗಳಲ್ಲಿ ಕರೆಂಟ್ ಬರಿಮೈಯಲ್ಲಿ ನಿಂತಿರುತ್ತದೆ. ಒಂದು ದಿನ ಮೇನ್ ಆಫ್ ಮಾಡಲು ಮರೆತಿರೋ, ನಿಮ್ಮ ಜನರೇಟರಿನ ಕರೆಂಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಸೇರುತ್ತದೆ. 11,000 ವೋಲ್ಟನ್ನು ಮನೆಗೆ ಇಳಿಸಿಕೊಡುವ ಟಿಸಿ, ಹಿಂದಿನಿಂದ ಕೊಟ್ಟರೆ ಅಷ್ಟಕ್ಕೇ ಏರಿಸಲೂಬಲ್ಲದು. ಲೈನ್ ಸತ್ತಿದೆ ಎಂದು ನಂಬಿ ಆ ಮಳೆಯಲ್ಲಿ ಲೈನ್‌ಮನ್ ಕಂಬ ಹತ್ತಿರುತ್ತಾರೆ, ನಿಮ್ಮ ಮನೆಗೆ ಕರೆಂಟ್ ಕೊಡಲೆಂದೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದರ ಕರೆಂಟನ್ನು ಮಾತ್ರ ಮನೆಗೆ ಬಿಡುವ ಸ್ವಿಚ್), ಅರ್ತಿಂಗ್ ಎರಡನ್ನೂ ಮಾಡಿಸಿ. ಅಲ್ಲಿಯವರೆಗೆ ಜನರೇಟರಿನಿಂದಲೇ ನೇರವಾಗಿ ದಪ್ಪನೆಯ ಮೂರು ಕೋರಿನ ವೈರ್ ಎಳೆದು ನೆಬ್ಯುಲೈಸರ್, ಎರಡು ಬಲ್ಬು ಹಾಕಿಕೊಳ್ಳಿ. 2 ಕೆವಿಎ ಎಂದರೆ ಸುಮಾರು 1,600 ವ್ಯಾಟ್. ನೀರಿನ ಮೋಟಾರ್ ಸ್ಟಾರ್ಟ್ ಆಗುವಾಗ ಕೆಲವು ಪಟ್ಟು ಹೆಚ್ಚು ಎಳೆಯುತ್ತದೆ, ಅದನ್ನು ಹಾಕಬೇಡಿ.

ಪೆಟ್ರೋಲ್ ಹಾಕುವಾಗ ಆಫ್ ಮಾಡಿ ಕಾಲು ಗಂಟೆ ತಣ್ಣಗಾಗಲು ಬಿಡಿ. ಬೆಳಕಿಗೆ ಟಾರ್ಚ್ ಸಾಕು, ಬೆಂಕಿಕಡ್ಡಿ ಗೀರಬೇಡಿ.

ನೆಬ್ಯುಲೈಸರ್‌ಗೆ ಎಷ್ಟು ವ್ಯಾಟ್ ಬೇಕೆಂದು ಅದರ ತಳದಲ್ಲೇ ಬರೆದಿರುತ್ತದೆ, ನೋಡಿ. ಅಷ್ಟಕ್ಕೆ ಮನೆಯ ಇನ್ವರ್ಟರ್ ಸಾಕಾಗುತ್ತದೆ. ಅಮ್ಮನ ಕೋಣೆಗೆ ಅದೊಂದನ್ನು ಹಾಕಿಸಿ, ಎಲ್ಲರೂ ಮಲಗುವ ಹೊತ್ತಿಗೆ ಜನರೇಟರ್ ಆಫ್ ಮಾಡಿಬಿಡಿ.